ಎರೊಫಿಲಿಯ ಬಲಗಣ್ಣು

ನಮ್ಮ ಗ್ರೀಕ್ ದ್ವೀಪದ ಇರಾಕ್ಲಿಯೊ ಊರಿನ ಕಣ್ಣಾಸ್ಪತ್ರೆಯಲ್ಲಿ ಕಣ್ಣಿನ ಪದರಗಳ ಚಿತ್ರ ತೆಗೆಯುವ ಯಂತ್ರ ನಡೆಸುವವಳು ಎರೊಫಿಲಿ. ಪಕ್ಕದ ಕೋಣೆಯಲ್ಲಿ ಹನಿ ಹಾಕುವ ನರ್ಸ್ ನಾನು, ಸ್ತಮಾತಿಯಾ. ಅವಳ ಬಾಯಿಗೆ ಹೆದರದ ರೋಗಿ ಇರಲಿಲ್ಲ. ಲೇಸರ್ ಮಾಡಿಸಿಕೊಂಡು ಹೊರಟವರನ್ನೆಲ್ಲ ಬಾಗಿಲಲ್ಲೇ ತಡೆದು, "ನಿಮ್ಮಮ್ಮ ಸೀಮೆಶಾವಂತಿಗೆ ಕಷಾಯ ಹಿಡ್ಕೊಂಡು ಬಂದ್ರೆ ಕುಡೀರಿ. ಕಣ್ಣಿಗೆ ಹಾಕಿದ್ರೋ, ಸುಮ್ನೆ ಬಿಡಲ್ಲ!" ಎಂದು ಗದರುತ್ತಿದ್ದಳು. ಗದರಬೇಕಾದದ್ದೇ. ಕಣ್ಣು ಕೆಂಪಾದರೆ ಆ ಒಣಹೂವಿನ ಕಷಾಯದಲ್ಲಿ ತೊಳೆಯದ ತಾಯಿ ನಮ್ಮ ದ್ವೀಪದಲ್ಲೇ ಇಲ್ಲ.

ನಲವತ್ತೇಳನೇ ವಯಸ್ಸಿಗೆ ಅವಳೂ ಕನ್ನಡಕ ಬಿಡಲು ಲೇಸರ್ ಮಾಡಿಸಿಕೊಂಡಳು. ರಜೆ ಮುಗಿಸಿ ಬಂದ ಬೆಳಿಗ್ಗೆ ಕಪ್ಪು ಕನ್ನಡಕ ತೆಗೆಯಲೇ ಇಲ್ಲ. ನಾನೇ ಕಿತ್ತು ನೋಡಿದೆ. ಬಲಗಣ್ಣು ಕೆಂಡವಾಗಿತ್ತು.

"ಎಷ್ಟು ದಿನ ಆಯ್ತೇ ಇದು?"

"ನಾಲ್ಕು. ಒಣಗಿದ್ದಕ್ಕೆ ಅಂದ್ಕೊಂಡೆ. ನಿನ್ನೆಯಿಂದ ನೋವು."

"ನಾಲ್ಕು ದಿನ! ಯಾರೂ ನೋಡಿ ಹೇಳ್ಲಿಲ್ವಾ?"

"ಯಾರು ನೋಡ್ಬೇಕು?" ಎಂದಳು.

ಡಾಕ್ಟರ್ ಸ್ಪಿರಿದಾಕಿಸ್ ದೀಪ ಹಿಡಿದು ನೋಡಿದರು. "ಬರೀ ಊತ ಅನ್ಸುತ್ತೆ. ಸ್ಟೆರಾಯ್ಡ್ ಹನಿ ಜಾಸ್ತಿ ಮಾಡೋಣ. ಯಾವುದಕ್ಕೂ ಒಂದು ಚಿತ್ರ ತೆಗೀರಿ." ಸೋಂಕಾಗಿದ್ದರೆ ಆ ಹನಿಯೇ ಕಣ್ಣಿಗೆ ಮುಳುವಾಗುತ್ತದೆ. ಅದು ನಮ್ಮಿಬ್ಬರಿಗೂ ಗೊತ್ತು. ಆದರೆ ಚಿತ್ರ ತೆಗೆಯಬಲ್ಲವಳು ರೋಗಿಯ ಕುರ್ಚಿಯಲ್ಲಿದ್ದಳು. ನಾನೇ ಯಂತ್ರದ ಮುಂದೆ ಕೂತೆ. ಅವಳು ಗದ್ದ ಊರಿ ಹೇಳಿಕೊಟ್ಟಳು.

"ಕೆಳಗೆ ಇಳಿಸು. ಇನ್ನೂ. ಯಾಕಮ್ಮಾ ಹೆದರ್ತೀಯ, ಕಣ್ಣು ನಂದು, ನಿಂದಲ್ಲ."

ತೆರೆಯ ಮೇಲೆ ಬೂದು ಪದರಗಳು ಮೂಡಿದವು. ಲೇಸರ್‌ಗಾಗಿ ಎತ್ತಿ ಮುಚ್ಚಿದ್ದ ಪದರದ ಗೆರೆ ಕಂಡಿತು. ಅಲ್ಲೇ ಹತ್ತಿಯ ಚೂರಿನಂಥ ಬಿಳಿ.

"ಏನು ಕಾಣುತ್ತೆ?"

"ಏನಿಲ್ಲ ಬಿಡು. ಊತ ಅಷ್ಟೇ."

"ರೋಗಿಗಳಿಗೆ ಸುಳ್ಳು ಹೇಳೋವಾಗ ನಂದೂ ಇದೇ ದನಿ ಕಣೇ. ಬಿಳೀದು ಕಾಣ್ತಿರ್ಬೇಕು. ಅದು ಗೆರೆಯಲ್ಲೇ ನಿಂತಿದ್ಯಾ, ದಾಟಿ ಒಳಗಿಳಿದಿದ್ಯಾ?"

"ಇಳಿದಿದೆ."

ಒಳಗಿಳಿದರೆ ಸೋಂಕು. ಯಂತ್ರ ಬಿಟ್ಟು ಅವಳತ್ತ ತಿರುಗಿದೆ. "ಏನು ಹಾಕ್ಕೊಂಡೆ, ನಿಜ ಹೇಳು."

"ಕಷಾಯ."

"ಊರಿಗೆಲ್ಲ ಬುದ್ಧಿ ಹೇಳೋಳು! ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

"ಮೊದಲ ದಿನ ತುರಿಸ್ತು. ಅಮ್ಮ ತೀರಿಕೊಳ್ಳೋ ಮುಂಚೆ ಒಣಗಿಸಿಟ್ಟ ಹೂವು ಡಬ್ಬೀಲಿ ಇನ್ನೂ ಇತ್ತು. ಕುದಿಸಿದೆ. ಮನೆಯೆಲ್ಲ ಘಮ್ ಅಂತು. ಒಳಗೆ ಯಾರೋ ಇದ್ದಾರೆ ಅನ್ನಿಸ್ತು, ಸ್ತಮಾತಿಯಾ. ಆಮೇಲೆ ದಿನಾ ಕುದಿಸ್ದೆ, ದಿನಾ ತೊಳೆದೆ." ಅವಳು ಗದ್ದ ಎತ್ತಲಿಲ್ಲ. "ಡಾಕ್ಟರಿಗೆ ನೀನೇ ಹೇಳು. ನಂಗೆ ನಾಚಿಕೆ."

ಬೈಯಲು ಬಾಯಿ ತೆರೆದವಳಿಗೆ ಅಳು ಬಂತು. ಎದ್ದು ಹೋಗಿ ಹೇಳಿದೆ.

ಆ ಮಧ್ಯಾಹ್ನವೇ ಪದರ ಎತ್ತಿ, ತೊಳೆದು, ಕೆರೆದು ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. "ಕಣ್ಣು ಉಳಿಯುತ್ತೆ. ದೃಷ್ಟಿ ಎಷ್ಟು ಉಳಿಯುತ್ತೋ ಈಗ ಹೇಳಲಾರೆ," ಎಂದರು ಡಾಕ್ಟರ್. "ಗಂಟೆಗೊಂದು ಸಲ ಹನಿ ಹಾಕ್ಬೇಕು, ರಾತ್ರೀನೂ. ಮನೇಲಿ ಯಾರಿದ್ದಾರೆ?"

ಎರೊಫಿಲಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು.

"ನಾನಿದ್ದೀನಿ," ಎಂದೆ.

ಹೊರಗೆ ಅವಳನ್ನು ಟ್ಯಾಕ್ಸಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಾನೂ ಕೂತೆ. "ಎಲ್ಲಿಗೆ ಹೋಗ್ಬೇಕಮ್ಮಾ?" ಎಂದು ಚಾಲಕ ನನ್ನನ್ನು ಕೇಳಿದ. ನನಗೆ ಗೊತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತು ಕಾಫಿ ಕುಡಿದಿದ್ದೆವು. ಅವಳ ಬೀದಿಯ ಹೆಸರನ್ನು ಅವಳನ್ನೇ ಕೇಳಿ ಅವನಿಗೆ ಹೇಳಿದೆ.