ನಕ್ಷತ್ರ ನಡೆದಾಗ ಹಿಂದುಳಿದ ಗಂಟು

ಗ್ರಹಗಳನ್ನು ಕಟ್ಟಿ ಉಳಿದ ಕಲ್ಲುಚೂರುಗಳು ಒಂದಕ್ಕೊಂದು ತಾಕಿ, ನಕ್ಷತ್ರದ ಸುತ್ತ ಧೂಳಿನ ತಟ್ಟೆಯಾಗಿ ಹರಡಿಕೊಳ್ಳುತ್ತವೆ. ಆ ಧೂಳನ್ನು ಓದಿ ಗ್ರಹಗಳ ಹುಟ್ಟಿನ ಬಗೆಯನ್ನು ಹೇಳಬಲ್ಲವರು ಚಿಲಿಯಲ್ಲಿ ಬೆರಳೆಣಿಕೆಯಷ್ಟು. ಆ ಬೆರಳುಗಳಲ್ಲಿ ಹೆಬ್ಬೆರಳು ಪ್ರೊಫೆಸರ್ ಓರ್ತೆನ್ಸಿಯಾ ಇಬಕಾಚೆ ಅವರು. ಮೂವತ್ತನಾಲ್ಕು ವರ್ಷಗಳ ಹಿಂದೆ ಅವರು ಆಂತೊಫಗಾಸ್ತಾ ನಗರಕ್ಕೆ ಬಂದಾಗ ನಮ್ಮ ಖಗೋಳ ವಿಭಾಗದಲ್ಲಿದ್ದದ್ದು ಒಂದು ಮೇಜು, ಒಂದು ಕೆಟಲಿ. ಧೂಳು ಮಾತ್ರ ಮರುಭೂಮಿಯ ಕೃಪೆಯಿಂದ ಧಾರಾಳವಾಗಿತ್ತು.

ಅವರ ಶಿಷ್ಯ ನಿಬಾಲ್ದೊ ಕಿಲೊದ್ರಾನ್ ತಾಮ್ರದ ಗಣಿಯ ಕೆಲಸಗಾರನ ಮಗ. ತಂದೆಯ ಎದೆಗೆ ಗಣಿಯ ಧೂಳು ಇಳಿದಾಗ ಅವನು ಓದು ಬಿಡಲು ಹೊರಟಿದ್ದ. ಇಬಕಾಚೆಯವರು ಎರಡು ವರ್ಷ ಪ್ರತಿ ಶುಕ್ರವಾರ ತಂದೆಯನ್ನು ನೋಡಲು ತಮ್ಮ ಕಾರಿನಲ್ಲೇ ಅವನನ್ನು ಕಲಾಮಾ ಊರಿನ ಆಸ್ಪತ್ರೆಗೆ ಕರೆದೊಯ್ದರು. "ಅಪ್ಪನ ಧೂಳು ಡಾಕ್ಟರು ನೋಡ್ಕೋತಾರೆ, ನನ್ನ ಧೂಳು ನೀನು ನೋಡ್ಕೋ ಮಗಾ" ಎಂದಿದ್ದರಂತೆ.

ನಕ್ಷತ್ರಗಳು ಆಕಾಶದಲ್ಲಿ ವರ್ಷವರ್ಷವೂ ಕೂದಲೆಳೆಯಷ್ಟು ಸರಿಯುತ್ತವೆ; ತಮ್ಮ ಧೂಳು, ಗ್ರಹಗಳನ್ನೂ ಜೊತೆಗೇ ಒಯ್ಯುತ್ತವೆ. ಮೂಗಿನ ತುದಿಗೆ ಕನ್ನಡಕ ಇಳಿಸಿ ಅವರು ಹೇಳಿಕೊಡುತ್ತಿದ್ದ ಮೊದಲ ಪಾಠವನ್ನು ನಿಬಾಲ್ದೊ ಅದೇ ದನಿಯಲ್ಲಿ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ: "ಕಾಯ್ತಾ ಇರು. ನಕ್ಷತ್ರ ನಡೀಲಿ. ಜೊತೆಗೆ ಬಂದದ್ದು ಮನೆಯದು, ಹಿಂದೆ ಉಳಿದದ್ದು ಪರರದು."

ಹನ್ನೆರಡು ವರ್ಷಗಳ ಹಿಂದೆ ಒಂದು ನಕ್ಷತ್ರದ ಧೂಳಿನ ತಟ್ಟೆಯಲ್ಲಿ ಹೊಳೆಯುವ ಗಂಟೊಂದನ್ನು ಕಂಡ ಇಬಕಾಚೆಯವರು, ಕಾಣದ ಗ್ರಹವೊಂದು ಧೂಳನ್ನು ಅಲ್ಲಿಗೆ ಸೆಳೆದು ಕೂಡಿಸಿದೆ ಎಂದು ಬರೆದರು. ತಾವೇ ಕಲಿಸಿದಷ್ಟು ಕಾಲ ತಾವು ಕಾಯಲಿಲ್ಲ. ಆಮೇಲಿನ ಹತ್ತೊಂಬತ್ತು ಪ್ರಬಂಧಗಳೂ ಆ ಗಂಟಿನ ಮೇಲೆಯೇ ನಿಂತವು.

ಈ ಮಾರ್ಚಿನಲ್ಲಿ ದೂರದರ್ಶಕದಿಂದ ಅದೇ ತಟ್ಟೆಯ ಹೊಸ ಚಿತ್ರ ಬಂತು. ಅಳೆದವನು ನಿಬಾಲ್ದೊ. ಐದು ಗಂಟೆಯ ಚಹಾದ ಹೊತ್ತಿಗೆ, ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚುತ್ತಿದ್ದ ಅವರ ಮುಂದೆ ಅವನು ಹಾಳೆಯನ್ನು ಮಡಚುತ್ತ ಬಿಚ್ಚುತ್ತ ನಿಂತ. ಅವರು ಚಾಕುವನ್ನು ಕೆಳಗಿಟ್ಟರು.

"ನಿನ್ನ ದನೀಲಿ ಆಗದಿದ್ರೆ ನನ್ನ ದನೀಲೇ ಹೇಳೋ. ಅದು ನಿಂಗೆ ಚೆನ್ನಾಗಿ ಬರುತ್ತಲ್ಲ."

ಅವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ. "ನಕ್ಷತ್ರ ನಡೀತು. ಗಂಟು ಅಲ್ಲೇ ಉಳೀತು."

ಯಾರೂ ನಗಲಿಲ್ಲ. ಗಂಟೆಂದು ತೋರಿದ್ದು ಆ ತಟ್ಟೆಯದಲ್ಲ, ಅದರ ಬೆನ್ನ ಹಿಂದೆ ಬಹುದೂರದಲ್ಲಿ ಹೊಳೆಯುವ ಬೇರೊಂದು ನಕ್ಷತ್ರಲೋಕವಾಗಿತ್ತು. "ಪರರದು" ಎಂದಷ್ಟೇ ಹೇಳಿ ಅವರು ಬ್ರೆಡ್ಡನ್ನು ಅವನ ಕಡೆಗೆ ಸರಿಸಿದರು.

ಅವರ ಗೌರವಕ್ಕೆಂದು ನಾವು ತರುತ್ತಿರುವ ಈ ಸಂಪುಟದ ಕೊನೆಯಲ್ಲಿರುವ ಅವರ ಪ್ರಬಂಧಗಳ ಪಟ್ಟಿಯಲ್ಲಿ, ಗಂಟಿನ ಆ ಮೊದಲ ಪ್ರಬಂಧವೂ ಸೇರಿ ಇಪ್ಪತ್ತಕ್ಕೆ ಅಡ್ಡಗೆರೆ ಬಿದ್ದಿರುವುದನ್ನು ಓದುಗರು ಅಚ್ಚಿನ ತಪ್ಪೆಂದು ಭಾವಿಸಬಾರದು. ಎಳೆದವರು ಅವರೇ, ಹಾಗೆಯೇ ಅಚ್ಚಾಗಬೇಕೆಂದವರೂ ಅವರೇ.

ಅವರು ದೀರ್ಘಕಾಲ ಬಾಳಲಿ, ಮತ್ತೊಂದು ನಕ್ಷತ್ರದ ಧೂಳನ್ನು ನಮಗೆ ಓದಿಸಲಿ ಎಂದು ಹಾರೈಸುವುದು ನಮ್ಮ ಹಕ್ಕು. ಆದರೆ ಅದನ್ನು ಕೇಳಿಸಿಕೊಳ್ಳಲು ಅವರು ವಿಭಾಗಕ್ಕೆ ಬಾರದೆ ಆರು ವಾರವಾಯಿತು. ಐದಕ್ಕೆ ನಿಬಾಲ್ದೊ ಕೆಟಲಿ ಇಡುತ್ತಾನೆ, ಎರಡು ಲೋಟ ತೊಳೆಯುತ್ತಾನೆ. ಅವರದನ್ನು ಹಾಗೆಯೇ ಮಗುಚಿಡುತ್ತಾನೆ. ಕಾಯುವುದನ್ನು ಅವರಿಂದ ಕಲಿತವನು; ಕಾಯುತ್ತಿದ್ದಾನೆ.