ಹತ್ತಿ ಕೋಣೆ ಮತ್ತು ಪಿಂಜಾರಜ್ಜ

ಪಿಂಜಾರಜ್ಜನ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ವಯಸ್ಸಿನಿಂದಲ್ಲ, ಹತ್ತಿಯ ಧೂಳಿನಿಂದ. ಆ ಹುಬ್ಬು ನೋಡಿಯೇ ನಾವು ಮಕ್ಕಳೆಲ್ಲ ಅವರನ್ನು ಅಜ್ಜ ಎಂದದ್ದು; ಈಗ ಲೆಕ್ಕ ಹಾಕಿದರೆ ಅವರಿಗೆ ನಲವತ್ತು ದಾಟಿತ್ತೋ ಇಲ್ಲವೋ. ಮೂಗಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಇತ್ತು. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಒತ್ತಿ ಒತ್ತಿ ಒರೆಸಿಕೊಂಡು ಬಿದ್ದ ಗೆರೆ. ಅಂಥದೇ ಗೆರೆ ನನ್ನ ಮೂಗಿನ ಮೇಲೂ ಇತ್ತು. ಅವರು ನೋಡುವ ತನಕ ಅದು ನಮ್ಮ ಮನೆಯಲ್ಲಿ ಯಾರಿಗೂ ಕಂಡಿರಲಿಲ್ಲ.

ನಮ್ಮದು ಹಿರಿಯೂರಿನಲ್ಲಿ ಹತ್ತಿ ವ್ಯಾಪಾರದ ಮನೆ. ಮಾರಿಕಣಿವೆಯಲ್ಲಿ ಇನ್ನೂ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಪಿಂಜಾರಜ್ಜ ಹತ್ತಿ ಹಿಂಜುವ ಆಳುದ್ದದ ಬಿಲ್ಲನ್ನು ಹೆಗಲ ಮೇಲಿಟ್ಟುಕೊಂಡು ಆದಿವಾಲದಿಂದ ನಡೆದು ಬರುತ್ತಿದ್ದರು. ಮನೆಯ ಹಾಸಿಗೆಗಳನ್ನೆಲ್ಲ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು ಅವರ ಕೆಲಸ. ಊರಿನವರೆಲ್ಲ ಎದುರು ಸಿಕ್ಕವರನ್ನು ಊಟ ಆಯಿತೇ ಎಂದು ಕೇಳಿದರೆ ಅವರು ಕೇಳುತ್ತಿದ್ದುದು "ನಿದ್ದೆ ಬಂತಾ?" ಎಂದು. ದನ ಹೊಡೆದುಕೊಂಡು ಹೋಗುವವರಿಗೂ ಅದೇ ಪ್ರಶ್ನೆ, ನಮ್ಮಪ್ಪನಿಗೂ ಅದೇ. ತಾನು ಹೊಲಿದ ಹಾಸಿಗೆಯ ಕ್ಷೇಮ ವಿಚಾರಿಸುತ್ತಾನೆ ಎಂದು ಜನ ನಗುತ್ತಿದ್ದರು. ಅವರೂ ನಗುತ್ತಿದ್ದರು.

ನನಗಾಗ ಏಳು ವರ್ಷ. ಬೆಳಗಾದರೆ ಸೀನಿನ ಮೇಲೆ ಸೀನು. ಮೂಗು ಎರಡೂ ಕಡೆ ಕಟ್ಟಿ, ಬಾಯಿ ತೆರೆದುಕೊಂಡೇ ಇರಬೇಕು. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು. ಕಣ್ಣು ಮುಚ್ಚಿದರೆ ಉಸಿರು ನಿಂತೇ ಹೋಗುತ್ತದೆಂದು ಹೆದರಿ ಎದ್ದು ಕೂರುತ್ತಿದ್ದೆ. ಹಗಲಿಗೆ ರೊಟ್ಟಿ ಬಾಯಲ್ಲಿಟ್ಟುಕೊಂಡೇ ತೂಕಡಿಸುತ್ತಿದ್ದೆ.

ನನಗಿಂತ ಮುಂಚೆ ಹುಟ್ಟಿದ ಅಣ್ಣ ಒಂದು ಚಳಿಗಾಲದಲ್ಲಿ ಶೀತವಾಗಿ, ಎದೆ ಕಟ್ಟಿ ತೀರಿಕೊಂಡಿದ್ದ. ಅಂದಿನಿಂದ ಅಜ್ಜಿಗೆ ಗಾಳಿ ಎಂದರೆ ಆಗದು. ಇಡೀ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದದ್ದು ಹತ್ತಿ ತುಂಬಿಡುವ ಕೋಣೆ. ಆ ವರ್ಷ ನನ್ನನ್ನು ಅಲ್ಲಿಗೆ ಹಾಕಿದರು. ಸೂರು ಮುಟ್ಟುವ ಹತ್ತಿ ರಾಶಿಯ ನಡುವೆ ಒಂದು ಹಾಸಿಗೆ. ಇದ್ದೊಂದು ಕಿಟಕಿಯ ಕದ ಮುಚ್ಚಿ, ಸಂದಿಗೂ ಅಜ್ಜಿ ಹತ್ತಿ ತುರುಕಿದ್ದಳು. ನಾನು ಸೀನಿದಷ್ಟೂ ಹಾಸಿಗೆಗೆ ಹೊಸ ಹತ್ತಿ ಬೀಳುತ್ತಿತ್ತು. ಹೊಸ ಹತ್ತಿ ಬಿದ್ದಷ್ಟೂ ನಾನು ಸೀನುತ್ತಿದ್ದೆ. ಎದ್ದು ಬಾಗಿಲಿಗೆ ಬಂದರೆ "ಒಳಾಗೆ ಹೋಗೇ, ಗಾಳಿ ಐತೆ" ಎಂದು ಅಟ್ಟುತ್ತಿದ್ದಳು. ಅಜ್ಜಿಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಉಸಿರಾಡಲು ಜಾಗ ಇರಲಿಲ್ಲ, ಅಷ್ಟೇ.

ನನ್ನ ಹಾಸಿಗೆ ಎತ್ತಿಕೊಂಡು ಹೋಗಲು ಪಿಂಜಾರಜ್ಜ ಕೋಣೆಗೆ ಬಂದರು.

"ನಿದ್ದೆ ಬಂತಾ ತಾಯಿ?"

"ಹ್ಞೂ" ಎಂದೆ. ಇಲ್ಲ ಎಂದರೆ ಅಜ್ಜಿ ಮೆಣಸಿನ ಕಷಾಯ ಕುಡಿಸುತ್ತಿದ್ದಳು.

ಅವರು ನನ್ನ ಮೂಗನ್ನೇ ನೋಡಿದರು. ತಮ್ಮ ಮೂಗಿನ ಗೆರೆಯ ಮೇಲೆ ಬೆರಳಾಡಿಸಿಕೊಂಡರು. ಆಮೇಲೆ ಹಾಸಿಗೆಯನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಹೋದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಅಮ್ಮಾರೇ, ಕೂಸಿನ್ನ ಆ ಹತ್ತಿಯಿಂದ ಈಚೆಗೆ ತಗೀರಿ. ಅದಕ್ಕೆ ಹತ್ತಿ ಧೂಳು ಆಗಲ್ಲ."

"ಏನಪ್ಪ, ನೀನು ಹುಟ್ಟಿದಾಗಿಂದ ಹತ್ತಿಯಾಗೇ ಬಿದ್ದಿದೀಯ. ನಿಂಗೇನಾಗೈತೆ?" ಎಂದಳು ಅಜ್ಜಿ.

"ಆಗೈತೆ ಅಮ್ಮಾರೇ. ನಂಗೆ ಅಡ್ಡ ಬೀಳಾಕೆ ಆಗಲ್ಲ. ಬಿದ್ರೆ ಉಸಿರು ಕಟ್ತೈತೆ. ಎಷ್ಟೋ ವರ್ಷ ಆತು, ಗೋಡಿಗೆ ಒರಗಿ ಕುಂತೇ ಕಣ್ಣು ಮುಚ್ತೀನಿ. ನಂಗೆ ಬ್ಯಾರೆ ಕೆಲ್ಸ ಬರಲ್ಲ, ಅದ್ಕೆ ಬಿದ್ದಿದೀನಿ. ಕೂಸಿಗೇನೈತೆ ಕರ್ಮ? ಎತ್ಕೊಂಡು ಬಂದ್ರೆ ಈಚೆಗೆ ಬರ್ತೈತೆ."

"ಗಾಳಿಗೆ ಒಂದನ್ನ ಕಳ್ಕೊಂಡಿದೀನಿ. ನಿನ್ನ ಮಾತು ಕೇಳಿ ಇನ್ನೊಂದನ್ನೂ ಕಳ್ಕಳ್ಲಾ? ನಿನ್ನ ಕೆಲ್ಸ ನೀನು ನೋಡ್ಕ" ಎಂದು ಅಜ್ಜಿ ಸೆರಗು ಕೊಡವಿ ಎದ್ದಳು. ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಹಾಸಿಗೆಗೆ ಮರಳಿದೆ. ಇನ್ನು ಯಾರೂ ನನ್ನನ್ನು ಹೊರಗೆ ಕರೆಯುವುದಿಲ್ಲ ಎನಿಸಿ ಅತ್ತೆ. ಅತ್ತರೆ ಮೂಗು ಇನ್ನೂ ಕಟ್ಟುತ್ತಿತ್ತು.

ಮರುದಿನ ಬೆಳಿಗ್ಗೆ ಅವರು ಬಿಲ್ಲು ಹಿಡಿದುಕೊಂಡು ನೇರ ಹತ್ತಿ ಕೋಣೆಗೇ ಬಂದರು. "ಅಂಗಳದಾಗೆ ಭಾಳ ಗಾಳಿ ಅಮ್ಮಾರೇ, ಹಿಂಜಿದ್ದೆಲ್ಲ ಹಾರ್ತೈತೆ. ಇಲ್ಲೇ ಕುಂತ್ಕಂತೀನಿ. ಕೂಸಿನ್ನ ಜಗಲಿ ಮ್ಯಾಲೆ ಹಾಕ್ರಿ, ಅಲ್ಲಿ ಗೋಡಿ ಮರೆ ಐತೆ. ಐದು ದಿನ." ಅವತ್ತು ಅಂಗಳದ ಬೇವಿನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅಜ್ಜಿ ಎಲೆ ನೋಡಲಿಲ್ಲ. ಮನೆಯ ಹತ್ತಿ ಹಾರಿ ಹೋಗುವುದೆಂದರೆ ಅವಳಿಗೆ ಸಂಕಟ. ಗೊಣಗುತ್ತಲೇ ಜಗಲಿಯ ಮೇಲೆ ನನಗೊಂದು ಈಚಲು ಚಾಪೆ ಹಾಸಿದಳು.

ಅವರು ಒಳಗೆ ಹೋಗಿ, ಧೂಳು ಹೊರಗೆ ಬರದಂತೆ ಬಾಗಿಲು ಹಾಕಿಕೊಂಡರು. ಆಮೇಲೆ ದಿನವೂ ಬೆಳಗಿನಿಂದ ಸಂಜೆಯ ತನಕ ಬಿಲ್ಲಿನ ಟಂಯ್ ಟಂಯ್ ಸದ್ದು, ನಡುವೆ ಕೆಮ್ಮು, ಮತ್ತೆ ಟಂಯ್ ಟಂಯ್.

ಮೊದಲ ದಿನ ನಾನು ಹೆದರಿಕೊಂಡು ಕೂತೇ ಇದ್ದೆ. ಮೂರನೆಯ ದಿನ ಮಧ್ಯಾಹ್ನ ಮೂಗಿನ ಒಂದು ಕಡೆ ಬಿಟ್ಟಿತು, ಆಮೇಲೆ ಇನ್ನೊಂದು ಕಡೆ. ಯಾವಾಗ ನಿದ್ದೆ ಬಂತೋ ತಿಳಿಯದು. ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಜ್ಜಿ ಪಕ್ಕದಲ್ಲಿ ಕೂತು, ಉಸಿರು ಇದೆಯೋ ಇಲ್ಲವೋ ಎಂದು ನನ್ನ ಮೂಗಿನ ಹತ್ತಿರ ಬೆರಳು ಹಿಡಿದಿದ್ದಳು.

ಐದನೆಯ ದಿನ ಕೆಲಸ ಮುಗಿಸಿ ಪಿಂಜಾರಜ್ಜ ಬಾಗಿಲು ತೆರೆದರು. ಹುಬ್ಬಷ್ಟೇ ಅಲ್ಲ, ರೆಪ್ಪೆ, ಮೀಸೆ, ಅಂಗಿ ಎಲ್ಲ ಬೆಳ್ಳಗೆ. ಹೊಸ್ತಿಲು ದಾಟಲಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಅಜ್ಜಿ ಚೊಂಬಿನಲ್ಲಿ ಬಿಸಿನೀರು ತಂದು ತಾನೇ ಅವರ ಕೈಗೆ ಸುರಿದಳು.

"ಅವತ್ತು ಗಾಳಿ ಇರ್ಲಿಲ್ಲ, ಅಲ್ವೇನಪ್ಪ?" ಎಂದಳು.

ಅವರು ಮುಖ ತೊಳೆದುಕೊಂಡು ನನ್ನ ಕಡೆ ತಿರುಗಿದರು. ಅಜ್ಜನೆಂದು ನಾನು ಕರೆಯುತ್ತಿದ್ದವರ ಹುಬ್ಬು ಕಪ್ಪಗಿತ್ತು.

"ನಿದ್ದೆ ಬಂತಾ ತಾಯಿ?" ಎಂದರು, ಎರಡು ಸಲ ಉಸಿರೆಳೆದುಕೊಂಡು.

"ಬಂತು" ಎಂದೆ. ಆ ಸಲ ಸುಳ್ಳಲ್ಲ.

ನನ್ನನ್ನು ಮತ್ತೆ ಆ ಕೋಣೆಗೆ ಹಾಕಲಿಲ್ಲ. ಮುಂದಿನ ಸುಗ್ಗಿಗೆ ಬಿಲ್ಲು ಬೇರೊಬ್ಬರ ಹೆಗಲ ಮೇಲೆ ಬಂತು. "ನಮ್ಮ ಭಾವ ಮಳೆಗಾಲಕ್ಕೆ ಮುಂಚೆನೇ ಹೋದ. ಗೋಡಿಗೆ ಒರಗಿ ಕುಂತಂಗೇ" ಎಂದರು ಅವರು. ಆ ಐದು ದಿನಗಳಿಂದಲೇ ಹಾಗಾಯಿತೋ, ಅಲ್ಲವೋ, ಹೇಳುವವರಿಲ್ಲ. ನನಗೆ ಮಾತ್ರ ಇಷ್ಟು ವರ್ಷವಾದರೂ ಆ ಮುಚ್ಚಿದ ಬಾಗಿಲಿನ ಎದುರಿನಿಂದ ಎದ್ದು ಹೋಗಲಾಗಿಲ್ಲ.

ನಮ್ಮ ಕಡೆ ಯಾರಾದರೂ ಊಟ ಆಯಿತೇ ಎಂದು ಕೇಳಿದರೆ, ನಿಮ್ಮದಾಯಿತೇ ಎಂದು ಕೇಳದೆ ಇರುವುದಿಲ್ಲ. ಮಕ್ಕಳಿಗೂ ಗೊತ್ತಿರುವ ಮರ್ಯಾದೆ ಅದು. ಪಿಂಜಾರಜ್ಜ ಇಡೀ ಊರನ್ನು ನಿದ್ದೆ ಬಂತೇ ಎಂದು ಕೇಳಿಕೊಂಡು ತಿರುಗಿದರು. ನಿಮಗೆ ಬಂತಾ ಅಜ್ಜ ಎಂದು ನಾನು ಒಂದು ಸಲವೂ ಕೇಳಲಿಲ್ಲ.