ಯಾರ ಮನೆ ಮುಂದೆ ಹಂಪ್?

“ಕುರ್ಚಿ ಸವೆಸೋಕೆ ಸಂಬಳ ತಗೊಳ್ಳೋರಿಗೆ ರಸ್ತೆ ದಾಟೋರ ಕಷ್ಟ ಹೇಗ್ರೀ ಗೊತ್ತಾಗತ್ತೆ? ಒಂದು ಹಂಪ್ ಹಾಕ್ಸೋಕಾಗಲ್ಲ ಅಂದ್ರೆ ಮನೇಲಿ ಕೂತ್ಕೊಳ್ರೀ!”

ನಗರಸಭೆಯ ರಸ್ತೆ ವಿಭಾಗದಲ್ಲಿ ಇಪ್ಪತ್ತು ಜನರ ಎದುರು ಈ ಮಾತನ್ನು ಕೇಳಿಸಿಕೊಂಡವರು, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗಿರುವ, ಅಳತೆಯ ಟೇಪು ಜೇಬಿನಲ್ಲಿಲ್ಲದೆ ಯಾರ ಕಣ್ಣಿಗೂ ಬೀಳದ ಕಾರಣ ಊರೆಲ್ಲ ‘ಟೇಪ್ ಸಾಹೇಬರು’ ಎಂದು ಕರೆಯುವ ಮಾನ್ಯ ಸರ್ವೇಯರರು. ಅಂದವನು ಏಳನೇ ತರಗತಿಗೇ ಶಾಲೆಗೆ ಕೈಮುಗಿದ, ಮೂಗಿನ ತುದಿಯಲ್ಲೇ ಕೋಪವಿರುವ ವೆಲ್ಡಿಂಗ್ ಅಂಗಡಿಯ ಯುವಕ. ಈ ಲೇಖನ ಬರೆಯುತ್ತಿರುವವನೂ ಅವನೇ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಸಲೀಸು.

ರಸ್ತೆ ಹಾಕಿಸಿದವರ ಮೇಲೆ ಹಾರ ಬೀಳುತ್ತದೆ, ರಸ್ತೆ ಅಳೆದವರ ಮೇಲೆ ಧೂಳು ಬೀಳುತ್ತದೆ. ಅಂಥ ಕ್ಷೇತ್ರದಲ್ಲಿ, ಸರ್ವೇ ಸರಪಳಿಯ ತುದಿ ಹಿಡಿಯುವ ಕೆಲಸದಿಂದ ಆರಂಭಿಸಿ, ಊರಿನ ಪ್ರತಿ ತಿರುವಿನ ಅಗಲವನ್ನೂ ಬಾಯಿಪಾಠ ಒಪ್ಪಿಸಬಲ್ಲ ಹಿರಿಯರಾಗಿ ಬೆಳೆದವರು ಸಾಹೇಬರು. ಅಂದು ಅವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

“ಗಾಡಿಗಳು ಎಷ್ಟು ಜೋರಾಗಿ ಹೋಗ್ತವೆ?”

“ತುಂಬಾ!”

“ತುಂಬಾ ಅಂತ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲಪ್ಪ. ನಾಳೆ ಆಫೀಸಿಗೆ ಮುಂಚೆ ಬರ್ತೀನಿ. ಸೀಮೆಸುಣ್ಣ ಇಟ್ಕೊಂಡಿರು.”

ಯುವಕನ ಉರಿಗೆ ಕಾರಣವಿತ್ತು. ಬೀದಿಯ ಈ ಕಡೆ ಅವನ ತಾಯಿ, ಸರಿಯಾಗಿ ಎದುರು ಮನೆಯಲ್ಲಿ ದೊಡ್ಡಮ್ಮ. ದಿನಕ್ಕೆ ಹತ್ತು ಸಲ ದಾಟುತ್ತಿದ್ದ ರಸ್ತೆಯಲ್ಲೇ ಬೈಕೊಂದು ತಾಯಿಯ ಸೊಂಟ ಮುರಿಯಿತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಏಳು ತಿಂಗಳಿಂದ ಅಕ್ಕ-ತಂಗಿಯರ ಸುಖದುಃಖವೆಲ್ಲ ಬಾಗಿಲಿಂದ ಬಾಗಿಲಿಗೆ ಕೂಗಾಟ. “ಸೊಸೆ ವಿಷ್ಯ ಏನೋ ಅಂದ್ಯಲ್ಲೇ, ಜೋರಾಗಿ ಹೇಳೇ!” ಎಂದು ದೊಡ್ಡಮ್ಮ ಕೂಗಿದರೆ ಇಡೀ ಬೀದಿ ಕೆಲಸ ಬಿಟ್ಟು ಕಿವಿಯಾಗುತ್ತಿತ್ತು.

ಮರುದಿನ ಸಾಹೇಬರು ಬಂದೇಬಿಟ್ಟರು! ಮೂವತ್ತು ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಸಿದರು. ಮೂರೂವರೆ ಸೆಕೆಂಡಿನೊಳಗೆ ದಾಟಿದ ಗಾಡಿಯ ವೇಗ ಗಂಟೆಗೆ ಮೂವತ್ತು ಕಿಲೋಮೀಟರ್ ಮೀರಿದೆ ಎಂದು ಗಣಿತ ಕಲಿಸಿದರು. ಬೀದಿಗೆ ಹುಚ್ಚೇ ಹಿಡಿಯಿತು. ದರ್ಜಿ ಕೈಬೀಸುವವನು, ಯುವಕ ಬರೆಯುವವನು, ಹಲ್ಲಿನ ಡಾಕ್ಟರರ ಅತ್ತೆ ಮೊಬೈಲಿನಲ್ಲಿ ಸಮಯ ಹಿಡಿದು “ಎರಡೂಕಾಲು! ಅಯ್ಯೋ, ಎರಡೂಕಾಲು!” ಎಂದು ಹರಾಜು ಕೂಗುವವರು. ಮೂರು ಬೆಳಗಿನಲ್ಲಿ ಆರುನೂರ ಹನ್ನೆರಡು ಗಾಡಿ. ಮುನ್ನೂರ ಎಂಬತ್ತೆಂಟು ವೇಗ ಮೀರಿದವು. ಶಾಲೆಯಲ್ಲಿ ಲೆಕ್ಕವೆಂದರೆ ಮೈಲು ದೂರ ಓಡುತ್ತಿದ್ದವನ ಎದೆ ಆ ಅಂಕಿ ನೋಡಿ ಉಬ್ಬಿತು.

ಆಮೇಲೆ ಸಾಹೇಬರು ಮನೆಗೊಂದು ಬೀದಿಯ ನಕ್ಷೆ ಕೊಟ್ಟು, ಹಂಪ್ ಎಲ್ಲಿ ಬೇಕೋ ಗುರುತು ಹಾಕಿ ಸಹಿ ಮಾಡಿ ಎಂದರು. ಮೂವತ್ತೆಂಟು ಮನೆ, ಮೂವತ್ತೆಂಟು ಸಹಿ. ವೆಲ್ಡಿಂಗ್ ಮೇಜಿನ ಮೇಲೆ ಹಾಳೆಗಳನ್ನು ಹರಡಿದಾಗ ಮಾತ್ರ ಎಲ್ಲರ ಮುಖ ನೋಡಬೇಕಿತ್ತು. ದರ್ಜಿಯ ಗುರುತು ಡಾಕ್ಟರರ ಗೇಟಿನ ಮುಂದೆ, ಡಾಕ್ಟರರದು ದರ್ಜಿಯ ಕಿಟಕಿಯ ಕೆಳಗೆ. ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದ ಯುವಕನದು ಬೀದಿಯ ಆ ಕೊನೆಯಲ್ಲಿ!

“ಹಂಪ್ ಎಲ್ಲರಿಗೂ ಬೇಕು, ಸದ್ದು ಮಾತ್ರ ಪಕ್ಕದ ಮನೆಗೆ,” ಎಂದರು ಸಾಹೇಬರು ನಗುತ್ತ. “ಎದುರುಬದುರು ಮನೆಯವರ ಒಪ್ಪಿಗೆ ಇಲ್ದೆ ಫೈಲು ಏಳಲ್ಲ. ಯಾರು ಒಪ್ತೀರಿ?”

ದರ್ಜಿ ಡಾಕ್ಟರರನ್ನು ನೋಡಿದ, ಡಾಕ್ಟರರು ಆಕಾಶ ನೋಡಿದರು. ಅಷ್ಟರಲ್ಲಿ ಯುವಕನ ತಾಯಿ ಕೋಲೂರಿಕೊಂಡು ಹೊಸಿಲಿಗೆ ಬಂದರು.

“ನಮ್ಮನೆ ಮುಂದೇನೇ ಹಾಕ್ಸಿ ಸಾರ್. ದಡ್ ಅಂದಾಗೆಲ್ಲ ಯಾರೋ ನಿಧಾನ ಮಾಡಿದ್ರು ಅಂತ ಗೊತ್ತಾಗತ್ತೆ. ನಿದ್ದೆ ಚೆನ್ನಾಗಿ ಬರತ್ತೆ.”

“ಈ ಕಡೆ ಅರ್ಧ ನಂದು!” ಎದುರಿನಿಂದ ದೊಡ್ಡಮ್ಮ ಕೂಗಿದರು. “ಬರ್ಕೊಳ್ಳಿ!”

ತಾಯಿಯ ಮುಖ ನೋಡಲಾರದೆ ಯುವಕ ತನ್ನ ಹಾಳೆಯನ್ನು ಮಡಚಿ ಜೇಬಿಗೆ ತುರುಕಿದ.

ಫೈಲು ಎರಡು ಸಲ ವಾಪಸಾಯಿತು. ಎರಡು ಸಲವೂ ಸಾಹೇಬರೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದರು. ಇನ್ನು ನಾಲ್ಕು ತಿಂಗಳಿಗೆ ಮನೆ ಸೇರುವವರಿಗೆ ಈ ಉಸಾಬರಿ ಯಾಕೆ ಎಂಬ ಮಾತನ್ನೂ ಹೊತ್ತು ಇಳಿದರು. ಹಂಪ್ ಎದ್ದಿತು, ಬಿಳಿಪಟ್ಟೆ ಬಂತು, ನಲವತ್ತು ಹೆಜ್ಜೆ ಮೊದಲೇ ಎಚ್ಚರಿಕೆಯ ಫಲಕವೂ ನಿಂತಿತು. ಇಂಥವರು ನೂರ್ಕಾಲ ಬಾಳಲಿ, ಅವರ ಟೇಪಿಗೆ ತುಕ್ಕು ಹಿಡಿಯದಿರಲಿ, ಹಿಂದಿನ ಬೀದಿಯವರು ಆಗಲೇ ಸೀಮೆಸುಣ್ಣ ತಂದಿಟ್ಟಿದ್ದಾರೆಂದು ಅವರಿಗೆ ನೆನಪಿರಲಿ.

ಸೇವೆಯ ಕೊನೆಯ ದಿನ ಸಾಹೇಬರು ಹಂಪಿನ ಎತ್ತರ ಅಳೆಯಲು ಬಂದಿದ್ದರು. ಕಾರೊಂದು ಅವರೆದುರೇ ಗಕ್ಕನೆ ನಿಂತಿತು. ಚಾಲಕ ತಲೆ ಹೊರಹಾಕಿದ.

“ಯಾವ ತಲೆಕೆಟ್ಟೋನ್ರೀ ಇಲ್ಲಿ ಹಂಪ್ ಹಾಕ್ಸಿದ್ದು?”

ಬೀದಿಯೆಲ್ಲ ಕೇಳಿಸಿಕೊಂಡಿತು. ಯುವಕ ತೋಳೇರಿಸಿ ಮುನ್ನುಗ್ಗಿದ. ಸಾಹೇಬರು ಅವನ ಭುಜ ಹಿಡಿದು, ಕಣ್ಣಲ್ಲೇ ಅತ್ತ ತೋರಿಸಿದರು. ನಿಂತ ಕಾರಿನ ಮುಂದೆ, ಹನ್ನೊಂದು ತಿಂಗಳ ಮೇಲೆ ಮೊದಲ ಸಲ, ತಾಯಿ ಕೋಲೂರಿಕೊಂಡು ಅಕ್ಕನ ಮನೆಗೆ ಹೊರಟಿದ್ದರು. ಎದುರು ಹೊಸಿಲಿನಿಂದ ದೊಡ್ಡಮ್ಮನ ಕೈ ಅವರನ್ನು ಹಿಡಿದುಕೊಳ್ಳುವವರೆಗೂ ಸಾಹೇಬರು ನೋಡಿದರು. ಟೇಪನ್ನು ಸುತ್ತಿ ಜೇಬಿಗಿಳಿಸಿದರು. ಚಾಲಕನಿಗೆ ದಾರಿ ಬಿಟ್ಟು ನಡೆದುಬಿಟ್ಟರು.